ಗೋಡೆಯ ಮೇಲಿನ ಆಸ್ಟ್ರೇಲಿಯದವಳು

ನವೆಂಬರ್ 18, 1951. ಭಾನುವಾರ

ಹೊನ್ನಮ್ಮ ಈ ಪುಸ್ತಕವನ್ನು ತಂದು ನನ್ನ ಎದೆಯ ಮೇಲೆ ಇಟ್ಟಳು. ಮಿಲಿಟರಿ ಕ್ಯಾಂಟೀನಿನಲ್ಲಿ ಕೊಂಡದ್ದು, ಇಷ್ಟು ವರ್ಷ ಟ್ರಂಕಿನ ತಳದಲ್ಲಿ ಖಾಲಿ ಬಿದ್ದಿತ್ತು. "ನನ್ನ ತಲೆ ತಿನ್ನುವ ಬದಲು ಇದರಲ್ಲಿ ಬರೀರಿ" ಎಂದಳು. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಮಾತು ಇದು.

ಬರೆಯಲು ಇರುವುದು ಇಷ್ಟೇ. ಕಿತ್ತಳೆ ಕೊಯ್ಯಲು ಏಣಿ ಹತ್ತಿದ್ದೆ. ಏಣಿ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ ಹೋದೆ. ಈಜಿಪ್ಟಿನ ಮರಳುಗಾಡಿನಲ್ಲಿ ಜರ್ಮನರ ಗುಂಡುಗಳ ನಡುವೆ ಲಾರಿ ಓಡಿಸಿ ಮೈಮೇಲೆ ಒಂದು ಗೀರಿಲ್ಲದೆ ಊರಿಗೆ ಬಂದ ಹವಾಲ್ದಾರ್ ಸಾಂತಪ್ಪ, ಮೂರ್ನಾಡಿನ ಪಕ್ಕದ ಸ್ವಂತ ತೋಟದಲ್ಲಿ, ಒಂದು ಕಿತ್ತಳೆ ಹಣ್ಣಿಗಾಗಿ ಬಲಗಾಲನ್ನು ಎರಡು ಕಡೆ ಮುರಿದುಕೊಂಡ. ಮಡಿಕೇರಿಯಲ್ಲಿ ಪಾದದಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ಊತ ಇಳಿಯಲೆಂದು ಕಾಲನ್ನು ಹಗ್ಗ ಕಟ್ಟಿ ತೊಲೆಗೆ ನೇತುಹಾಕಿದ್ದಾರೆ. ಒಲೆಯ ಮೇಲೆ ಹೊಗೆಗೆ ಕಟ್ಟಿದ ಹಂದಿತೊಡೆಯ ಹಾಗೆ ಕಾಣುತ್ತೇನೆ. ಜನವರಿಯವರೆಗೆ ಹೀಗೆಯೇ ಇರಬೇಕಂತೆ.

ಊರಿನವರೆಲ್ಲ ನೋಡಲು ಬಂದುಹೋದರು. ಮೇಲಿನ ಮನೆಯಿಂದ ಯಾರೂ ಬರಲಿಲ್ಲ. ಬರಲೆಂದು ನಾನೇನೂ ಕಾಯುತ್ತಿಲ್ಲ. ಆ ಮನೆ ಅಪ್ಪ ಕಟ್ಟಿಸಿದ್ದು. ಅದರಲ್ಲಿ ನನ್ನ ಒಡಹುಟ್ಟಿದವನೊಬ್ಬ ಇದ್ದಾನೆ. ಆರು ವರ್ಷದ ಹಿಂದೆ ನಾವಿಬ್ಬರೂ ಬೇಟೆಗೆ ಹೋದಾಗ ಒಂದು ಕಾಡುಹಂದಿ ಬಿತ್ತು. ಅದು ಬಿದ್ದದ್ದು ನನ್ನ ಗುಂಡಿಗೆ. ಅವನು ತನ್ನ ಗುಂಡಿಗೆ ಎಂದ. ಪದ್ಧತಿಯ ಪ್ರಕಾರ, ಹೊಡೆದವನಿಗೆ ಹಂದಿಯ ತಲೆ ಸೇರಬೇಕು. ಅದನ್ನು ಅವನು ಹೊತ್ತುಕೊಂಡು ಹೋದ. ಆ ತಲೆಯನ್ನು ಅವರು ಎರಡು ದಿನದಲ್ಲಿ ತಿಂದು ಮುಗಿಸಿರಬೇಕು. ನಮ್ಮ ಮಾತು ಮುಗಿದದ್ದು ಮಾತ್ರ ಇವತ್ತಿಗೂ ಹಾಗೆಯೇ ಇದೆ.

ಸಂಜೆ ಸೌದೆಯ ರಾಶಿಯಿಂದ ಅಂಗೈಯಗಲದ ಕರಿ ಚೇಳು ಹೊರಬಂತು. ಹೊನ್ನಮ್ಮ ಇಕ್ಕಳದಲ್ಲಿ ಹಿಡಿದು ನನಗೆ ತೋರಿಸಿ, ನಗುತ್ತ ಒಲೆಗೆ ಹಾಕಿದಳು.

ನವೆಂಬರ್ 21

ಆಸ್ಟ್ರೇಲಿಯದಿಂದ ಪೆಟ್ಟಿಗೆ ಬಂತು! ಮೂರ್ನಾಡಿನಿಂದ ಎತ್ತಿನ ಗಾಡಿಯಲ್ಲಿ ತಂದರು. ಕ್ಲೆಮ್ ಮಾತು ಉಳಿಸಿಕೊಂಡ. ಮರಳುಗಾಡಿನಲ್ಲಿ ಅವರ ಪಡೆ ನಮ್ಮ ಪಕ್ಕದಲ್ಲೇ ಇತ್ತು. ಅವನೂ ಲಾರಿ ಡ್ರೈವರ್. ರಾತ್ರಿಯ ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದಾಗ, "ಯುದ್ಧ ಮುಗಿಯಲಿ, ನಿನಗೊಂದು ಕುರಿಚರ್ಮ ಕಳಿಸುತ್ತೇನೆ" ಎನ್ನುತ್ತಿದ್ದ. ನಿಜವಾಗಿಯೂ ಕಳಿಸಿದ್ದಾನೆ. ಉಣ್ಣೆ ನಾಲ್ಕು ಬೆರಳು ದಪ್ಪ. ಪೆಟ್ಟಿಗೆಯ ಸಂದುಗಳಿಗೆ ಅವನ ತೋಟದ ಯಾವುದೋ ಮರದ ಒಣ ಸಿಪ್ಪೆಯನ್ನು ತುರುಕಿದ್ದ. ಹೊನ್ನಮ್ಮ ಸಿಪ್ಪೆಯನ್ನೆಲ್ಲ ನನ್ನ ಮಂಚದ ಪಕ್ಕದಲ್ಲೇ ಸುರಿದು ಚರ್ಮವನ್ನು ನನ್ನ ಬೆನ್ನಡಿಗೆ ಹಾಸಿದಳು. ರಾಜಭೋಗ.

ನವೆಂಬರ್ 22

ನಿನ್ನೆ ಸಂಜೆ ಗೋಡೆಯ ಮೇಲೆ ಏನೋ ಸರಿದ ಹಾಗಾಯಿತು. ಹಲ್ಲಿ ಇರಬೇಕು.

ನವೆಂಬರ್ 23

ಹಲ್ಲಿ ಅಲ್ಲ.

ಕೈ ನಡುಗುತ್ತಿಲ್ಲ, ಪೆನ್ಸಿಲು ಮೊಂಡಾಗಿದೆ. ಎದುರುಗೋಡೆಯಲ್ಲಿ, ನಮ್ಮ ರೆಜಿಮೆಂಟಿನ ಗ್ರೂಪ್ ಫೋಟೋದ ಪಕ್ಕದಲ್ಲಿ, ನನ್ನ ಅಂಗೈ ಬೆರಳು ಬಿಚ್ಚಿದರೆ ಎಷ್ಟೋ ಅಷ್ಟು ದೊಡ್ಡ ಜೇಡ ಕುಳಿತಿದೆ. ಬೂದಿಯ ಬಣ್ಣ. ಕಾಲುಗಳು ಏಡಿಯ ಹಾಗೆ ಪಕ್ಕಕ್ಕೆ ಮಡಚಿವೆ. ಮೈ ಚಪ್ಪಟೆ, ಯಾರೋ ತುಳಿದು ಬಿಟ್ಟ ಹಾಗೆ. ಅದು ನನ್ನನ್ನು ನೋಡುತ್ತಿದೆ. ಎಷ್ಟು ಕಣ್ಣುಗಳಿಂದ ಎಂದು ಲೆಕ್ಕ ಮಾಡುವ ಧೈರ್ಯ ನನಗಿಲ್ಲ. ಅಂದರೆ, ಬೆಳಕು ಸಾಲದು.

ಆ ಮರದ ಸಿಪ್ಪೆಯಲ್ಲಿ ಬಂದದ್ದು. ಅನುಮಾನವೇ ಇಲ್ಲ.

ಕ್ಲೆಮ್ ತನ್ನ ಊರಿನ ಜೇಡಗಳ ಕಥೆ ಹೇಳಿಯೇ ನಮ್ಮ ನಿದ್ದೆ ಕೆಡಿಸುತ್ತಿದ್ದ. ನೆನಪು ಮಾಡಿಕೊಂಡು ಬರೆಯುತ್ತೇನೆ. ಒಂದು ಜಾತಿ ಕಕ್ಕಸಿನ ಹಲಗೆಯ ಅಡಿಯಲ್ಲಿ ಕಾಯುತ್ತದೆ, ಕಪ್ಪು ಮೈ, ಬೆನ್ನ ಮೇಲೆ ಕೆಂಪು ಪಟ್ಟೆ. ಇನ್ನೊಂದು ನೆಲದ ಬಿಲದಲ್ಲಿ ಲಾಳಿಕೆಯಂಥ ಬಲೆ ಕಟ್ಟುತ್ತದೆ, ಅದರ ಹಲ್ಲು ಮನುಷ್ಯನ ಉಗುರನ್ನೂ ತೂರುತ್ತದೆ. ಮತ್ತೊಂದು ಶಿಳ್ಳೆ ಹಾಕುತ್ತದೆ, ಹಕ್ಕಿಯನ್ನೂ ಹಿಡಿಯುತ್ತದೆ. ಇನ್ನೂ ಒಂದು ಬಲೆಯನ್ನೇ ಕಟ್ಟುವುದಿಲ್ಲ, ಓಡಿ ಬೇಟೆಯಾಡುತ್ತದೆ. ಇವುಗಳಲ್ಲಿ ಒಂದು ಮಾತ್ರ ಮನುಷ್ಯರಿಗೆ ಏನೂ ಮಾಡುವುದಿಲ್ಲ, ತನ್ನ ತಾಯಿ ಅದನ್ನು ಗಡಿಯಾರದ ಹಿಂದೆ ಇರಗೊಡುತ್ತಾಳೆ ಎಂದು ಹೇಳಿದ್ದ.

ಯಾವುದು ಎಂದು ಮರೆತುಹೋಗಿದೆ.

ಹೊನ್ನಮ್ಮನನ್ನು ಕೂಗಿದೆ. ಬಾಗಿಲಲ್ಲಿ ನಿಂತು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದೆಯ ಮೇಲೆ ಕೈಯಿಟ್ಟು, "ಅಯ್ಯಯ್ಯೋ, ನಂಗೆ ಹೆದರಿಕೆ ಆಗ್ತದೆ! ಯಾರಾದ್ರೂ ಗಂಡಸರನ್ನ ಕರೀಬೇಕು" ಎಂದಳು. ಇಷ್ಟು ವರ್ಷದಲ್ಲಿ ಇವಳು ಹೆದರಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಜೇಡ ಎಷ್ಟು ಭಯಂಕರ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನವೆಂಬರ್ 24

ಸುತ್ತಮುತ್ತಲ ಗಂಡಸರೆಲ್ಲ ಕಾಫಿ ಕುಯ್ಲಿಗೆ ಹೋಗಿದ್ದಾರೆ, ಒಬ್ಬರೂ ಸಿಗಲಿಲ್ಲ ಎಂದು ಹೇಳಿ ಹೊನ್ನಮ್ಮ ಮೇಲಿನ ಮನೆಯವನನ್ನು ಕರೆದುಕೊಂಡು ಬಂದಳು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಅವನು ಕೈಯಲ್ಲಿ ತೆಂಗಿನಗರಿಯ ಪೊರಕೆ ಹಿಡಿದು ಬಂದ. ಫಾರೆಸ್ಟ್ ಗಾರ್ಡ್ ಆಗಿದ್ದವನಲ್ಲವೆ, ಆ ನಡಿಗೆ ಇನ್ನೂ ಬಿಟ್ಟಿಲ್ಲ, ಕೋಣೆಯೊಳಗೂ ಕಾಡು ಕಾಯುವವನ ಹಾಗೆ ನಡೆಯುತ್ತಾನೆ. ಕೂದಲು ನೆರೆತಿದೆ. ನನ್ನ ಕಾಲನ್ನು ನೋಡಿದ, ಹಗ್ಗವನ್ನು ನೋಡಿದ, ತೊಲೆಯನ್ನು ನೋಡಿದ. ನನ್ನ ಮುಖವನ್ನು ನೋಡಲಿಲ್ಲ.

"ಹೊನ್ನಮ್ಮ, ಜೇಡ ಎಲ್ಲಿ ಉಂಟು?" ಎಂದ. ಜೇಡ ಅವನ ಮೂಗಿನ ಎದುರಿಗೇ ಇತ್ತು.

"ಹೊನ್ನಮ್ಮ, ಪೊರಕೆ ಎತ್ತಬೇಡ ಅಂತ ಹೇಳು. ಗುರಿ ತಪ್ಪಿದರೆ ಅದು ಹಾರಿ ನನ್ನ ಮೇಲೆ ಬೀಳುತ್ತದೆ" ಎಂದೆ ನಾನು.

"ಹೊನ್ನಮ್ಮ, ನನ್ನ ಗುರಿ ಯಾವತ್ತೂ ತಪ್ಪಲಿಲ್ಲ ಅಂತ ಹೇಳು."

"ಹೊನ್ನಮ್ಮ, ಹಂದಿಯ ವಿಷಯ ಎತ್ತುವುದಾದರೆ ಹೊರಗೆ ಹೋಗಲಿಕ್ಕೆ ಹೇಳು."

ಹೊನ್ನಮ್ಮ ಇಬ್ಬರಿಗೂ ಕಾಫಿ ತರುತ್ತೇನೆಂದು ಒಳಗೆ ಹೋದಳು. ಹೇಳಲು ಯಾರೂ ಇಲ್ಲದೆ ನಾವಿಬ್ಬರೂ ಜೇಡವನ್ನೇ ನೋಡುತ್ತ ಕುಳಿತೆವು. ಕಾಫಿ ಬರಲು ಬಹಳ ಹೊತ್ತು ಹಿಡಿಯಿತು. ಬಂದ ಮೇಲೆ ನಾನು, "ಹೊನ್ನಮ್ಮ, ಅದರ ಬೆನ್ನ ಮೇಲೆ ಕೆಂಪು ಪಟ್ಟೆ ಉಂಟಾ ಅಂತ ನೋಡಲಿಕ್ಕೆ ಹೇಳು" ಎಂದೆ. ಅವನು ಹತ್ತಿರ ಹೋಗಿ ನೋಡಿ, "ಇಲ್ಲ ಅಂತ ಹೇಳು" ಎಂದ. "ಇದು ಆಸ್ಟ್ರೇಲಿಯವೂ ಅಲ್ಲ, ಎಂಥದೂ ಅಲ್ಲ, ನಮ್ಮ ಕೊಟ್ಟಿಗೆ ಜೇಡ ಅಂತ ಹೇಳು" ಎಂದೂ ಸೇರಿಸಿದ. ಕಾಫಿ ಕುಡಿದು, ಲೋಟ ಇಟ್ಟು ಹೋದ.

ಕೊಟ್ಟಿಗೆ ಜೇಡ! ಸಮುದ್ರ ದಾಟಿ ಬಂದ ಪ್ರಾಣಿಯನ್ನು ಹಾಗೆನ್ನಲು ನಾಲಿಗೆ ಹೇಗೆ ಬಂತೋ.

ನವೆಂಬರ್ 25

ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ನೋಡಿದರೆ ಅದು ಎಡಗೋಡೆಯಲ್ಲಿದೆ. ಮಂಚಕ್ಕೆ ಒಂದು ಗಜ ಹತ್ತಿರ.

ನವೆಂಬರ್ 29

ಇವತ್ತು ಆ ಮನುಷ್ಯ ಮತ್ತೆ ಬಂದ. ಕರೆಯದೆ ಬಂದ. ಲಾಟೀನಿನ ಚಿಮಣಿಯೊಳಗೆ ತನ್ನ ಕೊಟ್ಟಿಗೆಯ ಜೇಡವೊಂದನ್ನು ಹಾಕಿ, ಎರಡು ಬಾಯಿಗೂ ಬಟ್ಟೆ ಕಟ್ಟಿ ತಂದಿದ್ದ. ಅದನ್ನು ಗೋಡೆಗೆ ಹಿಡಿದು, "ನೋಡಲಿಕ್ಕೆ ಹೇಳು ಹೊನ್ನಮ್ಮ, ಎರಡೂ ಒಂದೇ" ಎಂದ. ಹೊನ್ನಮ್ಮ ಮನೆಯಲ್ಲಿರಲಿಲ್ಲ. ಕಿತ್ತಳೆ ಗಾಡಿಯ ಹತ್ತಿರ ಹೋಗಿದ್ದಳು. ಅವನು ಬಾಗಿಲ ಕಡೆ ತಿರುಗಿ ಬಾಗಿಲಿಗೇ ಹೇಳಿದ.

ನಾನೂ ಬಾಗಿಲಿಗೇ ಹೇಳಿದೆ: ಕೊಟ್ಟಿಗೆಯದರ ಮುಖದಲ್ಲಿ ಮೀಸೆಯ ಹಾಗೆ ಬಿಳಿ ಗೆರೆ ಇದೆ, ನನ್ನದಕ್ಕೆ ಇಲ್ಲ. ಕೊಟ್ಟಿಗೆಯದರ ಮೈ ಉಬ್ಬಿದೆ, ನನ್ನದು ರೊಟ್ಟಿಯ ಹಾಗೆ. ಕೊಟ್ಟಿಗೆಯದು ಕಂದು, ನನ್ನದು ಬೂದಿ. ನನ್ನದರ ಕಾಲಿನಲ್ಲಿ ಪಟ್ಟೆ ಪಟ್ಟೆ ಇದೆ.

ಅವನು ಕೊರಳಲ್ಲಿದ್ದ ದುರ್ಬೀನು ತೆಗೆದ. ಯಾವುದೋ ಫಾರೆಸ್ಟ್ ಸಾಹೇಬ ಕೊಟ್ಟದ್ದು. ಕೋಣೆಯ ಮೂಲೆಗೆ ಹೋಗಿ ಅದರಲ್ಲಿ ಬಹಳ ಹೊತ್ತು ನೋಡಿದ. ಚಿಮಣಿ ನೋಡಿದ, ಗೋಡೆ ನೋಡಿದ, ಮತ್ತೆ ಚಿಮಣಿ ನೋಡಿದ. ಕೊನೆಗೆ ಬಾಗಿಲಿಗೆ ಹೇಳಿದ: "ಬೇರೆ ಜಾತಿಯೇ."

ಬೆಳ್ಯಪ್ಪ ಜೀವಮಾನದಲ್ಲಿ ಒಂದು ಮಾತು ಬಿಟ್ಟುಕೊಟ್ಟದ್ದನ್ನು ನಾನು ಕಂಡದ್ದು ಇದೇ ಮೊದಲು. ಸಾಕ್ಷಿಗೆ ಯಾರೂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಡಿಸೆಂಬರ್ 3

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ. ಹೊನ್ನಮ್ಮ ಕುಯ್ಲಿನ ಹೆಂಗಸರ ಜೊತೆ ತೋಟದಲ್ಲಿದ್ದಳು. ನಾನು ಸ್ವಲ್ಪ ತೂಕಡಿಸಿದ್ದೆ. ಕಣ್ಣು ಬಿಟ್ಟಾಗ ಜೇಡ ಗೋಡೆಯಲ್ಲಿರಲಿಲ್ಲ, ತೊಲೆಯ ಮೇಲಿತ್ತು. ತೊಲೆಯಿಂದ ಹಗ್ಗಕ್ಕೆ ಇಳಿಯಿತು. ಹಗ್ಗದಿಂದ ನನ್ನ ಪಾದಕ್ಕೆ ಇಳಿಯಿತು. ಪ್ಲಾಸ್ಟರಿನ ಹೊರಗೆ ಐದು ಬೆರಳು ಕಾಣುತ್ತವೆ. ಒಂದೊಂದೇ ಬೆರಳನ್ನು ಮುಟ್ಟಿ ನೋಡಿತು, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ. ಆಮೇಲೆ ಪ್ಲಾಸ್ಟರಿನ ಮೇಲೆ ಹೆಜ್ಜೆ ಹಾಕುತ್ತ ನನ್ನ ಕಡೆಗೆ ಬಂತು.

ನಾನು ಕೂಗಿದೆ.

ಬೆಳ್ಯಪ್ಪ ಆ ಹೊತ್ತಿಗೆ ಬೇಲಿಯಾಚೆ ಕಣದಲ್ಲಿ ಕಾಫಿ ಹರಡುತ್ತಿದ್ದನಂತೆ. ಕೋವಿ ಹಿಡಿದುಕೊಂಡು ಓಡಿ ಬಂದ. ಬಾಗಿಲಲ್ಲಿ ನಿಂತು, ನನ್ನನ್ನು ನೋಡಿ, ಜೇಡವನ್ನು ನೋಡಿ, ಕೋವಿಯನ್ನು ಹೆಗಲಿಗೆ ಏರಿಸಿದ. ಜೇಡ ನನ್ನ ಮೊಣಕಾಲಿನ ಮೇಲಿತ್ತು.

"ಹೊಡೀಬೇಡ, ಮಾರಾಯ!" ಎಂದೆ.

"ಅಲ್ಲಾಡಬೇಡ!"

"ನಾನೆಲ್ಲಿ ಅಲ್ಲಾಡುವುದು? ನನ್ನನ್ನು ಕಟ್ಟಿಹಾಕಿದ್ದಾರೆ! ಅದು ನನ್ನ ಕಾಲು!"

"ಮುರಿದ ಕಾಲಲ್ವಾ?"

"ಮುರಿದರೂ ನನ್ನದೇ!"

ಅಷ್ಟರಲ್ಲಿ ಜೇಡ ಪ್ಲಾಸ್ಟರ್ ದಾಟಿ, ಕಂಬಳಿ ದಾಟಿ, ನನ್ನ ಕೈಯ ಮೇಲೆ ಬಂದು ನಿಂತಿತ್ತು. ಅದಕ್ಕೆ ಭಾರವೇ ಇಲ್ಲ. ಒಣಗಿದ ಎಲೆಯೊಂದು ಬಿದ್ದ ಹಾಗೆ. ನನ್ನ ಮಣಿಕಟ್ಟಿನಲ್ಲಿ ನಾಡಿ ಬಡಿಯುವುದು ಅದಕ್ಕೂ ತಿಳಿದಿರಬೇಕು, ಒಂದು ಕಾಲನ್ನು ಅಲ್ಲಿ ಇಟ್ಟು ಸುಮ್ಮನೆ ಇತ್ತು. ನಾನು ಉಸಿರು ಬಿಡಲಿಲ್ಲ, ಬೆಳ್ಯಪ್ಪನೂ ಬಿಡಲಿಲ್ಲ. ಆಮೇಲೆ ಅದು ಮಂಚದಿಂದ ಇಳಿದು, ಗೋಡೆ ಹತ್ತಿ, ಫೋಟೋದ ಪಕ್ಕ ತನ್ನ ಜಾಗಕ್ಕೆ ಹೋಗಿ ಕುಳಿತಿತು. ಕಚ್ಚಲಿಲ್ಲ. ಆಗ ನನಗೆ ಫಕ್ಕನೆ ನೆನಪಾಯಿತು, ಗಡಿಯಾರದ ಹಿಂದೆ ಇರುವುದು ಇದೇ. ಓಡಿ ಬೇಟೆಯಾಡುವ ಜಾತಿ. ಕ್ಲೆಮ್ ಅದನ್ನು ಬೇಟೆಗಾರ ಎನ್ನುತ್ತಿದ್ದ.

ಬೆಳ್ಯಪ್ಪ ಕೋವಿ ಇಳಿಸಿ ನೆಲದ ಮೇಲೆ ಕುಳಿತುಬಿಟ್ಟ. ಅವನ ಪಂಚೆ ಒಂದು ಕಡೆ ಬಿಚ್ಚಿಹೋಗಿತ್ತು. "ಯಾವ ಜೀವ ಹೋಯ್ತೋ ಅಂತ ಓಡಿ ಬಂದೆ" ಎಂದ.

ಸಂಜೆ ಹೊನ್ನಮ್ಮ ಹೇಳಿದಳು, ನಾನು "ಅಣ್ಣಾ" ಎಂದು ಕೂಗಿದ್ದು ಕೆಳಗಿನ ಗದ್ದೆಯವರೆಗೆ ಕೇಳಿಸಿತಂತೆ. ಅದು ಸುಳ್ಳು. ನಾನು ಕೂಗಿದ್ದು "ಅಮ್ಮಾ" ಎಂದು. ದೂರಕ್ಕೆ ಎರಡೂ ಒಂದೇ ರೀತಿ ಕೇಳಿಸುತ್ತವೆ.

ಡಿಸೆಂಬರ್ 4

ಬೆಳ್ಯಪ್ಪ ಬಂದು ನೋಡಿಕೊಂಡು ಹೋದ. ಜೇಡವನ್ನು.

ಡಿಸೆಂಬರ್ 9

ದೊಡ್ಡ ಜಿರಲೆಯೊಂದು ಗೋಡೆ ಹತ್ತುತ್ತಿತ್ತು. ನಾವಿಬ್ಬರೂ ನೋಡುತ್ತಿದ್ದೆವು. ಬೇಟೆಗಾರ ಒಂದು ಗಜ ದೂರದಲ್ಲಿ ಗೋಡೆಗೆ ಅಂಟಿದ ಹಾಗೆ ಇತ್ತು. ಕಣ್ಣು ಮಿಟುಕಿಸುವುದರೊಳಗೆ ಜಿರಲೆ ಅದರ ಬಾಯಲ್ಲಿ. ನಡುವೆ ಓಡಿದ್ದು ನಮಗೆ ಕಾಣಲೇ ಇಲ್ಲ.

"ಅಬ್ಬಾ!" ಎಂದ ಬೆಳ್ಯಪ್ಪ. "ನಾಯಿಯೂ ಬೇಡ, ಕೋವಿಯೂ ಬೇಡ. ಕಾಯುವುದೇ ಬೇಟೆ."

ಬೇಟೆಯ ಮಾತು ಬಂದ ಕೂಡಲೇ ಇಬ್ಬರಿಗೂ ಹಂದಿಯ ನೆನಪಾಯಿತು. ಅದು ಅವನ ಮುಖದಲ್ಲಿ ಕಂಡಿತು, ನನ್ನ ಮುಖದಲ್ಲೂ ಕಂಡಿರಬೇಕು. ಆಮೇಲೆ ಅವನು, "ಜಿರಲೆಯ ರೆಕ್ಕೆ ತಿನ್ನುವುದಿಲ್ಲ ಅಂತ ಕಾಣ್ತದೆ, ಕೆಳಗೆ ಬಿಸಾಡ್ತಾ ಉಂಟು" ಎಂದ. ರೆಕ್ಕೆ ಯಾರಿಗೂ ರುಚಿಸುವುದಿಲ್ಲ ಎಂದೆ ನಾನು.

ಎರಡು ದಿನದಿಂದ ಅವನು ಬರುವಾಗ ಬೆಂಕಿಪೊಟ್ಟಣದಲ್ಲಿ ಮಿಡತೆ ಹಿಡಿದು ತರುತ್ತಿದ್ದಾನೆ. ವಯಸ್ಸಾದವರಿಗೆ ಇದೆಂಥ ಹುಚ್ಚು? ನಾನೂ ಹೊನ್ನಮ್ಮನಿಗೆ ಹೇಳಿ ದೀಪದ ಹುಳಗಳನ್ನು ಒಂದು ಡಬ್ಬಿಯಲ್ಲಿ ಇಡಿಸಿದ್ದೇನೆ. ಅವನೊಬ್ಬನೇ ಸಾಕಿದ ಎಂದು ಆಗಬಾರದಲ್ಲ.

ಡಿಸೆಂಬರ್ 14

ಹುತ್ತರಿ ಹಬ್ಬದ ಮಾರನೆಯ ದಿನ. ನಿನ್ನೆ ಕದಿರು ಕೊಯ್ಯುವಾಗ ಮೇಲಿನ ಮನೆಯವರು ಪದ್ಧತಿಯಂತೆ ಹಾರಿಸಿದ ಕೋವಿಯ ಶಬ್ದವನ್ನು ಮಲಗಿದಲ್ಲಿಂದಲೇ ಕೇಳಿದೆ. ಇವತ್ತು ಅತ್ತಿಗೆ ಗಂಗಮ್ಮ ತಂಬಿಟ್ಟು ಹಿಡಿದುಕೊಂಡು ಬಂದರು. ತಿನ್ನಬೇಕೆಂದೇನೂ ಇರಲಿಲ್ಲ, ಹಬ್ಬದ್ದು ಎಸೆಯಬಾರದು ಎಂದು ತಿಂದೆ. ಎಳ್ಳು ಧಾರಾಳ ಹಾಕಿದ್ದರು. ಎರಡನೆಯ ಸಲ ಬಡಿಸಿಕೊಂಡದ್ದು ಹೊನ್ನಮ್ಮ ಒತ್ತಾಯ ಮಾಡಿದ್ದರಿಂದ.

ಐದು ದಿನದಿಂದ ಬೇಟೆಗಾರ ಏನೂ ತಿಂದಿಲ್ಲ. ಫೋಟೋದ ಹಿಂದೆ ಹೋಗಿ ಕುಳಿತರೆ ಹೊರಗೆ ಬರುವುದೇ ಇಲ್ಲ. ಮಿಡತೆಯನ್ನು ಬಾಯಿಗೆ ಹಿಡಿದರೂ ಬೇಡ. ನನಗೂ ಊಟ ಸೇರುತ್ತಿರಲಿಲ್ಲ. (ತಂಬಿಟ್ಟಿನ ಮಾತು ಬೇರೆ.) ಬೆಳ್ಯಪ್ಪ ಚಳಿ ಹಿಡಿದಿರಬೇಕು ಎಂದ, ನಾನು ಊರಿನ ನೆನಪಿರಬೇಕು ಎಂದೆ. ಇದೇ ವಾದದಲ್ಲಿದ್ದಾಗ ಅತ್ತಿಗೆ ಎದ್ದು ಹೋಗಿ ಫೋಟೋವನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ ಹಿಂದೆ ಇಣುಕಿದರು.

"ನೀವಿಬ್ಬರು ಗಂಡಸರು ಸೇರಿ ಎಂಥ ನೋಡಿದ್ದು ಇಷ್ಟು ದಿನ?" ಎಂದರು. "ಇದು ಬಾಣಂತಿ!"

ಫೋಟೋದ ಹಿಂದೆ ರೂಪಾಯಿಯಷ್ಟು ಅಗಲದ, ಬಿಳಿ ಕಾಗದದಂಥ ಒಂದು ಚಪ್ಪಟೆ ಚೀಲ. ಅದರ ಮೇಲೆ ಎಂಟು ಕಾಲನ್ನೂ ಹರಡಿ ಅಪ್ಪಿಕೊಂಡು ಕುಳಿತಿದ್ದಾಳೆ.

ಬೇಟೆಗಾರ ಅಲ್ಲ, ಬೇಟೆಗಾತಿ. ಇಷ್ಟು ದಿನ ನಾನು ಅಂಗಿಯಿಲ್ಲದೆ ಮಲಗಿದ್ದೆ.

"ಯಾರೂ ಫೋಟೋ ಮುಟ್ಟಬೇಡಿ. ಈ ಕೋಣೆಯಲ್ಲಿ ಬೀಡಿ ಬೇಡ, ಗಟ್ಟಿ ಮಾತು ಬೇಡ" ಎಂದು ಅತ್ತಿಗೆ ಅಪ್ಪಣೆ ಕೊಟ್ಟರು. ಹೊನ್ನಮ್ಮ ಹೌದೆಂದು ತಲೆಯಾಡಿಸಿ ನೇರ ಹೋಗಿ ಆ ಬಾಣಂತಿಯ ಪಕ್ಕದ ಧೂಳನ್ನು ಬಟ್ಟೆಯಲ್ಲಿ ಒರೆಸಿದಳು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಇವಳ ಹೆದರಿಕೆ ಯಾವಾಗ ಹೋಯಿತೋ ಕಾಣೆ.

ಡಿಸೆಂಬರ್ 22

ಅವಳು ಅಲ್ಲಾಡಿಲ್ಲ. ನಾನೂ ಅಲ್ಲಾಡಿಲ್ಲ. ಒಂದೇ ವ್ಯತ್ಯಾಸ, ನಾನು ಗೊಣಗುತ್ತೇನೆ.

ಬೆಳ್ಯಪ್ಪ ದಿನಾ ಸಂಜೆ ಬಂದು ಕೂರುತ್ತಾನೆ. ಗಟ್ಟಿ ಮಾತು ಬೇಡವಾದ್ದರಿಂದ ಪಿಸುಮಾತಿನಲ್ಲಿ ಮಾತಾಡುತ್ತೇವೆ. ಪಿಸುಮಾತಿನಲ್ಲಿ ಜಗಳ ಆಡಲು ಬರುವುದಿಲ್ಲ ಎಂದು ಇವತ್ತು ಗೊತ್ತಾಯಿತು. ಬರಲಿರುವ ಓಟಿನ ವಿಷಯಕ್ಕೆ ನಾನು ಒಂದು ಪಕ್ಷ, ಅವನು ಇನ್ನೊಂದು. ಸಿಟ್ಟು ಬಂದು ಇಬ್ಬರೂ ಉಸಿರಿನಲ್ಲೇ ಬೈದುಕೊಂಡೆವು, ಕೇಳಲು ಮಗ್ಗಿ ಹೇಳಿಕೊಂಡ ಹಾಗಿತ್ತು. ಮೊದಲು ಅವನಿಗೆ ನಗು ಬಂತು.

ಆಮೇಲೆ ಯುದ್ಧದ ಬಗ್ಗೆ ಕೇಳಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಹೆದರಿಕೆ ಆಗ್ತಿತ್ತಾ ಎಂದ. ಊರಲ್ಲಿ ಯಾರು ಕೇಳಿದರೂ ಇಲ್ಲ ಎನ್ನುವುದು ನನ್ನ ವಾಡಿಕೆ. ಇವತ್ತು ಯಾಕೋ, "ದಿನಾ ಆಗ್ತಿತ್ತು" ಎಂದೆ. ಅವನು ಪಕ್ಕಕ್ಕೆ ಜಾರಿದ್ದ ಕಂಬಳಿಯನ್ನು ಎಳೆದು ನನ್ನ ಕಾಲಿನ ಮೇಲೆ ಸರಿಮಾಡಿದ.

ಡಿಸೆಂಬರ್ 30

ಅಣ್ಣನಿಗೆ ನೆಗಡಿ, ಬರಲಿಲ್ಲ. ಬರೆಯುವಂಥದ್ದೇನೂ ಇಲ್ಲ.

ಜನವರಿ 5, 1952

ಕೊಡಗಿಗೆ ಮೊದಲ ಓಟು ಬಂದಿದೆ. ಓಟು ಕೇಳುವವರು ಹಾಸಿಗೆ ಹಿಡಿದವರನ್ನೂ ಬಿಡುತ್ತಿಲ್ಲ. ಇವತ್ತು ಮಡಿಕೇರಿಯ ಒಬ್ಬ ವಕೀಲರು ಜೀಪಿನಲ್ಲಿ ಬಂದರು. ಯಾವ ಪಕ್ಷ ಎಂದು ಬರೆಯುವುದಿಲ್ಲ, ಮನುಷ್ಯನಿಗೆ ಮುಂದೆ ಮರ್ಯಾದೆಯಿಂದ ಬದುಕಲು ಇದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಜುಬ್ಬ. ತಲೆಯ ಮೇಲೆ ಬಿಳಿ ಟೋಪಿ.

ಅಣ್ಣನೂ ಇದ್ದ. ವಕೀಲರು ನನ್ನ ಕಾಲಿನ ಪಕ್ಕ ನಿಂತು, ಗಟ್ಟಿ ಗಂಟಲಿನಲ್ಲಿ ವೀರಯೋಧರ ಬಗ್ಗೆ ಭಾಷಣ ಶುರುಮಾಡಿದರು. ಅಣ್ಣ ತುಟಿಯ ಮೇಲೆ ಬೆರಳಿಟ್ಟು, "ಸ್ವಲ್ಪ ಮೆಲ್ಲಗೆ, ಒಳಗೆ ಬಾಣಂತಿ ಇದ್ದಾಳೆ" ಎಂದ. ವಕೀಲರಿಗೆ ಸಂತೋಷವಾಯಿತು. "ಹೌದಾ? ಗಂಡೋ ಹೆಣ್ಣೋ?" ಎಂದು ಪಿಸುಗುಟ್ಟಿದರು.

"ಇನ್ನೂ ಹೊರಗೆ ಬರಲಿಲ್ಲ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಮಾತು ಬದಲಿಸಲು ಗೋಡೆಯ ಕಡೆ ಹೋಗಿ, "ಇದರಲ್ಲಿ ತಾವು ಯಾರು?" ಎಂದು ಫೋಟೋಕ್ಕೆ ಕೈ ಹಾಕಿದರು. ನಾವಿಬ್ಬರೂ ಒಟ್ಟಿಗೆ "ಮುಟ್ಟಬೇಡಿ!" ಎಂದೆವು. ಅವರು ಮುಟ್ಟಿಯಾಗಿತ್ತು. ಫೋಟೋ ಒಂದು ಕಡೆಗೆ ವಾಲಿತು.

ಮೊದಲು ನನಗೆ ಧೂಳು ಎನಿಸಿತು. ಆಮೇಲೆ ಧೂಳಿಗೆ ಕಾಲುಗಳಿರುವುದು ಕಂಡಿತು. ಚೀಲ ಯಾವಾಗ ಒಡೆದಿತ್ತೋ, ಸಾಸಿವೆಯಷ್ಟು ಸಣ್ಣ, ತಿಳಿ ಹಸಿರಿನ ಮರಿಗಳು, ನೂರೋ ಇನ್ನೂರೋ, ಫೋಟೋದ ನಾಲ್ಕೂ ಕಡೆಯಿಂದ ಹೊರಬಂದವು. ನಮ್ಮ ಕರ್ನಲ್ಲರ ಮುಖದ ಮೇಲೆ ಹರಡಿದವು. ಅಲ್ಲಿಂದ ವಕೀಲರ ಕೈ, ತೋಳು, ಜುಬ್ಬ. ಬಿಳಿಯ ಮೇಲೆ ಚೆನ್ನಾಗಿ ಕಾಣುತ್ತಿದ್ದವು.

"ಇದೆಂಥದು, ಇದೆಂಥದು?" ಎಂದರು.

"ಹೆದರಬೇಡಿ, ಏನೂ ಮಾಡುವುದಿಲ್ಲ. ಆಸ್ಟ್ರೇಲಿಯದ ಜೇಡ" ಎಂದೆ, ಸಮಾಧಾನ ಮಾಡಲು.

"ಆಸ್ಟ್ರೇಲಿಯ!"

ಆಗ ಅವಳು ಹೊರಗೆ ಬಂದಳು. ಸುಮಾರು ನಾಲ್ಕು ವಾರ ಉಪವಾಸ ಇದ್ದವಳು, ಮಕ್ಕಳನ್ನು ಅಲುಗಾಡಿಸಿದ್ದು ಯಾರೆಂದು ನೋಡಲು ಬಂದಳು. ಚೌಕಟ್ಟಿನ ಅಂಚಿನಲ್ಲಿ ಒಂದು ಕ್ಷಣ ನಿಂತು, ವಕೀಲರ ಟೋಪಿಯ ಮೇಲೆ ಹಾರಿದಳು.

ಅವರು ಹೊರಗೆ ಹೋದದ್ದು ನಮಗೆ ಕಾಣಲಿಲ್ಲ, ಜಿರಲೆಯ ಮೇಲೆ ಬಿದ್ದಾಗ ಅವಳು ಓಡಿದ್ದು ಕಾಣದ ಹಾಗೆ. ಟೋಪಿ ಮಾತ್ರ ನೆಲದ ಮೇಲಿತ್ತು, ಅದರ ಮೇಲೆ ಅವಳು. ಜೀಪಿನ ಶಬ್ದ ಮೂರ್ನಾಡಿನ ಕಡೆಗೆ ದೂರವಾಯಿತು. ಅಣ್ಣ ಗೋಡೆಗೆ ಒರಗಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಕಣ್ಣಿನಲ್ಲಿ ನೀರು. ನಗುವಾಗ ಅವನು ಥೇಟು ಅಪ್ಪನ ಹಾಗೆ. ಇದು ನನಗೆ ಮರೆತುಹೋಗಿತ್ತು. ನಾನು ನಕ್ಕ ರಭಸಕ್ಕೆ ಕಾಲಿನ ಹಗ್ಗ ಗಂಟು ಬಿಚ್ಚಿ ಕಾಲು ದೊಪ್ಪೆಂದು ಮಂಚಕ್ಕೆ ಬಿತ್ತು. ನೋವಾಯಿತು. ಆದರೂ ನಗು ನಿಲ್ಲಲಿಲ್ಲ.

ಟೋಪಿಯನ್ನು ಹೊನ್ನಮ್ಮ ಒಗೆದು ಇಟ್ಟಿದ್ದಾಳೆ. ಕೇಳಲು ಯಾರೂ ಬಂದಿಲ್ಲ.

ಜನವರಿ 11

ಪ್ಲಾಸ್ಟರ್ ತೆಗೆದರು. ಕಾಲು ಸುಲಿದ ಮರಗೆಣಸಿನ ಹಾಗಿದೆ. ಅಣ್ಣ ಬೀಟೆ ಮರದ ಊರುಗೋಲು ಮಾಡಿ ಕೊಟ್ಟಿದ್ದಾನೆ. ಜಗಲಿಯವರೆಗೆ ನಡೆದೆ.

ತಿರುಗಿ ಬಂದು ನೋಡಿದರೆ ಅವಳಿಲ್ಲ. ಮರಿಗಳು ಮೊದಲೇ ಹೆಂಚಿನ ಸಂದುಗಳಿಗೆ, ತೋಟಕ್ಕೆ ಚದುರಿದ್ದವು. ಇವಳು ಇರುತ್ತಾಳೆ ಎಂದುಕೊಂಡಿದ್ದೆ. ಫೋಟೋದ ಹಿಂದೆ ಹರಿದ ಚೀಲ ಒಂದೇ ಇದೆ. ಮಂಚದ ಅಡಿ, ಟ್ರಂಕಿನ ಹಿಂದೆ, ಕುರಿಚರ್ಮದ ಒಳಗೆ, ಎಲ್ಲಾ ನೋಡಿದೆ.

ಜನವರಿ 12

ಇಲ್ಲ.

ಗೋಡೆ ಬಹಳ ದೊಡ್ಡದಾಗಿ ಕಾಣುತ್ತದೆ.

ಜನವರಿ 13

ಅಣ್ಣ ಹೇಳಿದ, ಚಳಿಗೆ ಬೆಚ್ಚಗಿನ ಜಾಗ ಹುಡುಕಿಕೊಂಡು ಹೋಗಿರಬೇಕು, ಮೇಲಿನ ಮನೆಯ ಕೊಟ್ಟಿಗೆಯಲ್ಲಿ ಇದ್ದರೂ ಇರಬಹುದು ಎಂದು. ಅವನು ಫಾರೆಸ್ಟ್ ಗಾರ್ಡ್ ಆಗಿದ್ದವನು, ಪ್ರಾಣಿಗಳ ಜಾಡು ಬಲ್ಲವನು. ಊರುಗೋಲು ಹಿಡಿದು ಹೋದೆ. ಬೇಲಿಯ ದಣಪೆಯ ಅಡ್ಡಮರದಾಚೆ ಕಾಲು ಎತ್ತಿಡಲು ಕಷ್ಟವಾಯಿತು, ಅಣ್ಣ ಕೈ ಕೊಟ್ಟ. ಕೊಟ್ಟಿಗೆಯ ಒಂದು ಬದಿ ಹುಡುಕಿದೆವು. ಸಿಗಲಿಲ್ಲ. ಹೊತ್ತಾಯಿತೆಂದು ಅತ್ತಿಗೆ ಅಲ್ಲೇ ಊಟ ಹಾಕಿದರು.

ಜನವರಿ 14

ಕೊಟ್ಟಿಗೆಯ ಅಟ್ಟ ಹುಡುಕಿದೆವು. ಮಧ್ಯಾಹ್ನದ ಊಟಕ್ಕೆ ಎಳೆ ಬಿದಿರಿನ ಕಣಿಲೆ ಉಪ್ಪಿನಕಾಯಿ ಇತ್ತು. ಅಪ್ಪ ಕೂರುತ್ತಿದ್ದ ಜಗಲಿಯ ಹಲಗೆ ಸವೆದಿದೆ, ರಿಪೇರಿ ಮಾಡಬೇಕು. ಅಣ್ಣನಿಗೆ ಹೇಳಿದ್ದೇನೆ.

ಜನವರಿ 15

ಇದನ್ನು ಮೇಲಿನ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಇವತ್ತು ಸೌದೆ ಕೊಟ್ಟಿಗೆ ಹುಡುಕುವಷ್ಟರಲ್ಲಿ ಕಾಲು ಊದಿಕೊಂಡಿತು. ಇಳಿಜಾರು ಇಳಿಯುವುದು ಬೇಡ, ಇಲ್ಲೇ ಮಲಗು ಎಂದು ಅತ್ತಿಗೆ ಹಾಸಿಗೆ ಹಾಕಿಸಿದರು. ಹೊನ್ನಮ್ಮ ನನ್ನ ಬಟ್ಟೆ, ಈ ಪುಸ್ತಕ ಎರಡನ್ನೂ ಹಿಡಿದು ಬಂದು ಊಟಕ್ಕೂ ಕುಳಿತಳು.

ಊಟದ ನಡುವೆ ಅಣ್ಣ, "ನಾಳೆ ಕೊಟ್ಟಿಗೆಯ ಹಿಂದಿನ ಬದಿ ನೋಡುವ" ಎಂದ.

ಹೊನ್ನಮ್ಮ ಕಡುಬು ಮುರಿಯುತ್ತ, "ಯಾರನ್ನ ನೋಡ್ಲಿಕ್ಕೆ?" ಎಂದಳು. "ಆ ನಿಮ್ಮ ಆಸ್ಟ್ರೇಲಿಯದವಳನ್ನಾ? ಅವಳು ನಮ್ಮ ಅಡುಗೆಮನೆಯಲ್ಲೇ ಇದ್ದಾಳಲ್ಲ. ಒಲೆಯ ಮೇಲಿನ ಅಟ್ಟದಲ್ಲಿ. ಭಾನುವಾರವೇ ಕಂಡಿದ್ದೆ."

"ಭಾನುವಾರ!" ಎಂದೆ. "ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಅತ್ತಿಗೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದರು, ಕೆಮ್ಮು ಬಂದಿರಬೇಕು. ಅಣ್ಣ ತಟ್ಟೆ ನೋಡುತ್ತ ಕುಳಿತ. ನಾನೂ ತಟ್ಟೆ ನೋಡಿದೆ. ಕೊನೆಗೆ ಅಣ್ಣ, "ಆದರೂ ನಾಳೆ ಒಮ್ಮೆ ಕೊಟ್ಟಿಗೆ ನೋಡಿಬಿಡುವ" ಎಂದ.

ನೋಡಿಬಿಡುವ ಎಂದೆ ನಾನೂ. ಕೊಟ್ಟಿಗೆ ದೊಡ್ಡದು, ಒಂದು ದಿನಕ್ಕೆ ಮುಗಿಯುವ ಕೆಲಸ ಅಲ್ಲ.